ಪಾಯಕ್ಕೊಂದು ಉಪಾಯ

ಮನೆಗೆ ಯಜಮಾನನಿರುವಾಗ ಮೇಸ್ತ್ರಿ ಯಾತಕ್ಕೆ?

ಹೋದ ಜೂನ್‌ನಲ್ಲಿ ಒಂದು ಬೆಳಿಗ್ಗೆ, ನೂಲ್ಪುಳದ ನಮ್ಮ ಮನೆಯ ಹಿಂದೆ ಸೊಂಟಕ್ಕೆ ಕೈಕೊಟ್ಟು ನಿಂತು ನಾನು ಮಾಡಿದ ಘೋಷಣೆ ಇದು. ಕೇಳಿಸಿಕೊಂಡವರು ಇಬ್ಬರು: ನನ್ನ ಹೆಂಡತಿ ಶೈಲಜ, ಮತ್ತೆ ಒಂದು ಕೋಳಿ. ತಲೆಯಾಡಿಸಿದ್ದು ಕೋಳಿ ಮಾತ್ರ.

ನಮ್ಮದು ಹೆಂಚಿನ ಮನೆ. ಸೂರಿನ ನೀರು ಹಿಂಗೋಡೆಯ ಬುಡದ ಮಣ್ಣನ್ನು ವರ್ಷವರ್ಷವೂ ಕೊರೆದು, ಪಾಯದ ಕಲ್ಲುಗಳು ಹಲ್ಲು ಕಿಸಿಯತೊಡಗಿದ್ದವು.

"ರೀ, ಇವತ್ತು ಹೊರಗಿಂದ ಕಲ್ಲು ಕಾಣ್ತದೆ. ನಾಳೆ ಅಡುಗೆಮನೆಯಿಂದ ಗದ್ದೆ ಕಾಣ್ತದೆ. ಕುಂಞಿರಾಮನ್ ಮೇಸ್ತ್ರೀನ ಕರೀರಿ," ಎಂದಳು ಶೈಲಜ.

"ಇಪ್ಪತ್ತು ವರ್ಷದಿಂದ ಕಾಳುಮೆಣಸಿನ ವ್ಯಾಪಾರ ಮಾಡೋನು ನಾನು. ಕಾಳು ಯಾವುದು, ಜೊಳ್ಳು ಯಾವುದು ಅಂತ ಕೈಯಲ್ಲಿ ಮುಟ್ಟಿ ಹೇಳ್ತೀನಿ. ನೀರು ಯಾವ ದೊಡ್ಡ ವಿಷಯ?"

"ಮೆಣಸು ಕೈಯಲ್ಲಿ ನಿಲ್ತದೆ. ನೀರು ನಿಲ್ತದಾ?"

ನಾನು ಗುದ್ದಲಿ ಎತ್ತಿಕೊಂಡೆ. ಹಿತ್ತಲಲ್ಲಿ ಮಣ್ಣು ಅಗೆದೆ. ಇಪ್ಪತ್ತು ಬುಟ್ಟಿ ಹೊತ್ತು ಗೋಡೆಯುದ್ದಕ್ಕೂ ಸುರಿದೆ. ಗುದ್ದಿ ಗಟ್ಟಿ ಮಾಡಲಿಲ್ಲ. ಆ ಕೆಲಸ ಮಳೆಯೇ ಮಾಡುತ್ತದೆ ಎಂಬುದು ನನ್ನ ಸಿದ್ಧಾಂತ! ಮಧ್ಯಾಹ್ನ ಮಳೆ ಬಂತು. ಅರ್ಧ ಗಂಟೆಯಲ್ಲಿ, ಪಾಯಕ್ಕೆಂದು ಹಾಕಿದ್ದೆಲ್ಲ ಪಾಯಸವಾಗಿ ಬಾಳೆಗಿಡಗಳ ಕಡೆಗೆ ಹರಿದುಹೋಯಿತು.

"ಬಾಳೆಗೆ ಒಳ್ಳೇದಾಯ್ತು ಬಿಡಿ," ಎಂದಳು ಶೈಲಜ.

ಹಾಗಾದರೆ ನೀರು ನೆಲಕ್ಕೆ ಬೀಳಲೇಬಾರದು. ಸೂರಿನಂಚಿಗೆ ಪಾತ್ತಿ ಕಟ್ಟಬೇಕು. ನೀರು ಹಿಡಿಯುವ ದೋಣಿಗೆ ನಮ್ಮ ಕಡೆ ಪಾತ್ತಿ ಎನ್ನುತ್ತಾರೆ. ಪ್ಲಾಸ್ಟಿಕ್ ಪೈಪುಗಳನ್ನು ಉದ್ದಕ್ಕೆ ಸೀಳಿ, ತಂತಿ ಬಿಗಿದು, ಎರಡು ದಿನ ಏಣಿಯ ಮೇಲೆಯೇ ಸಂಸಾರ ಮಾಡಿ ಮುಗಿಸಿದೆ. ಕೊನೆಯಲ್ಲಿ ನೀರು ಇಳಿಯಲು ಅಡುಗೆಮನೆ ಮೂಲೆಗೆ ಒಂದು ಪೈಪು ನಿಲ್ಲಿಸಿದೆ. ಅದನ್ನು ದೂರಕ್ಕೆ ಒಯ್ಯಬೇಕಿತ್ತು. ಆದರೆ ಪೈಪು ಮುಗಿದಿತ್ತು. ನನ್ನ ಉತ್ಸಾಹವೂ ಮುಗಿದಿತ್ತು.

ಮರುದಿನ ಬೆಳಿಗ್ಗೆ ಭಾರಿ ಮಳೆ. ಗೋಡೆಯುದ್ದಕ್ಕೂ ಒಂದು ಹನಿ ಬೀಳಲಿಲ್ಲ! ಶೈಲಜಳಿಗೆ ಕೊಡೆ ಹಿಡಿಸಿ ಹೊರಗೆ ಕರೆದೆ.

"ನೋಡು! ಎಲ್ಲಿದೆ ನೀರು?"

"ಅಲ್ಲಿ," ಎಂದು ಮೂಲೆಗೆ ಬೆರಳು ತೋರಿಸಿದಳು.

ಇಡೀ ಸೂರಿನ ನೀರು ಒಂದೇ ಬಾಯಿಂದ ಧುಮುಕುತ್ತಿತ್ತು. ಅದರ ಕೆಳಗೆ ಸೊಂಟದಾಳದ ಗುಂಡಿ. ನಾವು ನೋಡುತ್ತಿದ್ದಂತೆ, ನಾಲ್ಕು ಜನ ಸೇರಿ ಎತ್ತಬೇಕಾದ ಬಟ್ಟೆ ಒಗೆಯುವ ಕಲ್ಲು ಸ್ವಲ್ಪ ಅಲುಗಿತು, ವಾಲಿತು, ಮೆಲ್ಲಗೆ ಗುಂಡಿಗಿಳಿದು ಕೂತಿತು. ಹಿಂದೆಯೇ ಪಾಯದ ಮೂಲೆಕಲ್ಲು ದುಡುಂ ಎಂದು ಅದರ ಮೇಲೆ ಬಿತ್ತು. ಅಡುಗೆಮನೆಯ ಗೋಡೆಯಲ್ಲಿ ಒಂದು ಗೆರೆ ಮೂಡಿತು, ಅಂಗೈಯುದ್ದ.

ಒಳಗೆ ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಶೈಲಜ ಪಾತ್ರೆ ಇಳಿಸಲು ಒಳಗೋಡಿದಳು.

ನಾನು ಓಡಿಹೋಗಿ ಪೈಪು ಹಿಡಿದು ಎಳೆದೆ. ಪೈಪಿನ ಜೊತೆಗೆ ಎರಡು ದಿನದ ಪಾತ್ತಿಯೂ ಇಳಿದು ಬಂತು, ನೀರಿನ ಸಮೇತ, ನನ್ನ ತಲೆಯ ಮೇಲೆ.

ಅಷ್ಟು ಹೊತ್ತಿಗೆ ಅಮ್ಮಿಣಿ ಚೇಚಿ ಬಂದರು. ಊರಿಗೆಲ್ಲ ಅವರು ಚೇಚಿ, ಎಂದರೆ ಅಕ್ಕ; ನನ್ನಂಥವರು ಅವರಿಗೆ ಮೋನೇ, ಎಂದರೆ ಮಗನೇ. ಗದ್ದೆಯಾಚೆಯ ಕಾಟ್ಟುನಾಯ್ಕ ಬುಡಕಟ್ಟಿನ ಹಾಡಿಯವರು. ಪಂಚಾಯ್ತಿಯ ಉದ್ಯೋಗ ಖಾತ್ರಿ ಹೆಂಗಸರಿಗೆ ಮುಂದಾಳು. ನೀರಿಂಗಿಸಲು ಮನೆಮನೆಯ ಹಿತ್ತಲಲ್ಲಿ ಮಳೆಕುಳಿ ತೋಡಿಸುವುದು ಅವರ ಕೆಲಸ. ಗುಂಡಿಯನ್ನೂ ಪಾತ್ತಿಯೊಳಗೆ ಸಿಕ್ಕಿಕೊಂಡಿದ್ದ ನನ್ನನ್ನೂ ನೋಡಿದರು.

"ಮಳೆಕುಳಿಗೆ ಜಾಗ ನೋಡಾಕೆ ಬಂದೆ ದಾಮೋದರಾ. ನಿಂದು ಆಗಲೇ ಆಗೈತಲ್ಲ! ಆದ್ರೆ ಮನೆಬುಡಕ್ಕೆ ಯಾರು ತೋಡ್ತಾರೆ ಮೋನೇ?"

ನಾನು ಪಾತ್ತಿಯ ಬಗ್ಗೆ ವಿವರಿಸತೊಡಗಿದೆ. ಚೇಚಿ ಕೈಯೆತ್ತಿದರು. "ನೀರಿಗೆ ಬರಬೇಡ ಅಂದ್ರೆ ಕೇಳಾದಿಲ್ಲ. ಅತ್ಲಾಗೆ ಹೋಗು ಅಂತ ದಾರಿ ಕೊಟ್ರೆ ಹೋಗ್ತದೆ. ನೀ ದಾರಿ ಕೊಟ್ಟಿದ್ದೆಲ್ಲಿಗೆ? ಅಡುಗೆಮನೇಗೆ!"

ಮರುದಿನ ಮಳೆ ಬಿಡುವು ಕೊಟ್ಟಿತು. ಮೂಲೆಕಲ್ಲು ಕೂರಿಸಲು ಕೊನೆಗೂ ಕುಂಞಿರಾಮನ್ ಮೇಸ್ತ್ರಿ ಬಂದ. ಸಿಮೆಂಟು ಕಲಸಿದವನು ಯಜಮಾನ. ಚೇಚಿಯ ಹೆಂಗಸರು ಹದಿನೈದಡಿ ದೂರದ ತಗ್ಗಿನಲ್ಲಿ, ಬಾಳೆಯ ಆಚೆ ಮಳೆಕುಳಿ ತೋಡಿದರು. ಪಾತ್ತಿಯನ್ನು ಮತ್ತೆ ಕಟ್ಟಿ ಪೈಪನ್ನು ಅಲ್ಲಿಯವರೆಗೆ ಎಳೆದರು. ಗೋಡೆಯ ಬುಡಕ್ಕೆ ಚೂರುಚೂರೇ ಮಣ್ಣು ಹಾಕಿ, ಪ್ರತಿ ಸಲವೂ ಮರದ ಕೊರಡಿನಿಂದ ಗುದ್ದಿ, ನೀರು ಹೊರಕ್ಕೆ ಜಾರುವಂತೆ ಇಳಿಜಾರು ಕೊಟ್ಟರು. ಅದರಂಚಿಗೆ ಮಣ್ಣು ಹಿಡಿಯಲೆಂದು ಲಾವಂಚ ನೆಟ್ಟರು. ನಾನು ಸಲಹೆ ಕೊಡಲು ಬಾಯಿ ತೆರೆದಾಗಲೆಲ್ಲ ಚೇಚಿ ಒಂದೇ ಮಾತು ಹೇಳುತ್ತಿದ್ದರು:

"ಕಲ್ಲು ತಾ, ದಾಮೋದರಾ."

ತಂದೆ. ದಿನವಿಡೀ ತಂದೆ.

ಆಮೇಲೆ ಒಂದು ವಾರ ಬಿಡದೆ ಸುರಿಯಿತು. ಮಣ್ಣು ಕದಲಲಿಲ್ಲ. ಗೋಡೆಯ ಗೆರೆ ಅಂಗೈಯುದ್ದದಲ್ಲೇ ನಿಂತಿತು.

ಭಾನುವಾರ ಶೈಲಜಳ ತಮ್ಮ ಸುಧೀಶ್ ತೃಶ್ಶಿಲೇರಿಯಿಂದ ಬಂದ. ಹಿತ್ತಲಿಗೆ ಹೋಗಿ ನೋಡಿ, "ಭಾವ, ಏನು ಚೆಂದ ಮಾಡಿದ್ದೀರಿ! ಯಾರ ಕೆಲಸ ಇದು?" ಎಂದ. ನಾನು ಗಂಟಲು ಸರಿಮಾಡಿಕೊಂಡೆ.

"ಅಮ್ಮಿಣಿ ಚೇಚೀದು, ಮೇಸ್ತ್ರೀದು," ಎಂದಳು ಶೈಲಜ. "ಇವರು ಮೂಲೇಲಿ ಗುಂಡಿ ಮಾತ್ರ ತೋಡಿದ್ದು."

"ಸುಳ್ಳು!" ನಾನು ಕೂಗಿದೆ. "ಗುಂಡಿ ತೋಡಿದ್ದು ನಾನಲ್ಲ, ಮಳೆ!"

ಶೈಲಜ ತಮ್ಮನಿಗೆ ಚಹಾ ಕೊಡುತ್ತಾ ತಣ್ಣಗೆ ಹೇಳಿದಳು: "ಕೇಳಿದ್ಯಾ? ಅದನ್ನೂ ಇವರು ಮಾಡ್ಲಿಲ್ಲ."