ಛತ್ರದಲ್ಲಿ ಮೊದಲು ಮುನಿಸಿಕೊಂಡವರು

ಇದನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೇನೆ. ಕೂತಾಗಲೆಲ್ಲ ಏನಾದರೊಂದು ಅಡ್ಡ ಬರುತ್ತದೆ. ಒಂದು ದಿನ ಕನ್ನಡಕ ಸಿಗುವುದಿಲ್ಲ, ಇನ್ನೊಂದು ದಿನ ಪೆನ್ನು ಬರೆಯುವುದಿಲ್ಲ. ಎರಡೂ ಸರಿಯಿದ್ದ ದಿನ ಹೆಂಡತಿ ಕೊತ್ತಂಬರಿ ಸೊಪ್ಪು ತರಲು ಕಳಿಸುತ್ತಾಳೆ. ಇತ್ತೀಚೆಗೆ ಅವಳು ಕರೆಯುವ ಮುಂಚೆಯೇ ನಾನು ಚೀಲ ಹಿಡಿದು ನಿಂತಿರುವುದನ್ನು ಕಂಡು ಅವಳಿಗೂ ಅನುಮಾನ ಬಂದಿದೆ.

ನಾನು ಬೆಂಗಳೂರಿನ ವಿಜಯನಗರದ ಒಂದು ಮದುವೆ ಛತ್ರದಲ್ಲಿ ಕೆಲಸಕ್ಕಿದ್ದೆ. ಎಸ್ಸೆಸ್ಸೆಲ್ಸಿ ಪಾಸಾದವನೆಂದು ರೂಮುಗಳ ಬೀಗದ ಕೈಗಳನ್ನು ಒಪ್ಪಿಸಿ ಮ್ಯಾನೇಜರ್ ಎಂದು ಕರೆಯುತ್ತಿದ್ದರು. ಲೈಟು, ಮೈಕು ನೋಡಿಕೊಳ್ಳಲು ಕೃಷ್ಣಪ್ಪ. ಗುಡಿಸಿ ಒರೆಸಲು ಗದಗಿನ ಕಡೆಯಿಂದ ಬಂದ ಶಾಂತವ್ವ. ದಿನ ಬೆಳಗಾದರೆ ಅದೇ ವಾಲಗ, ಅದೇ ಬೀಗರು, ಅದೇ ಹುಳಿ. ಬೇರೆ ಕಡೆ ಕೆಲಸದವರು ಬಿಡುವಿನಲ್ಲಿ ಕೇರಂ ಆಡುತ್ತಾರಂತೆ. ನಮಗೆ ಕಣ್ಣೆದುರಿನ ನೆಂಟರನ್ನು ಬಿಟ್ಟರೆ ಬೇರೇನಿತ್ತು? ಅವರನ್ನೇ ಕಾಯಿಗಳನ್ನಾಗಿ ಮಾಡಿಕೊಂಡು ಒಂದು ಆಟ ಕಟ್ಟಿದೆವು. ಪ್ರತಿ ಮದುವೆಯಲ್ಲೂ ಯಾರಾದರೊಬ್ಬರು ಮುನಿಸಿಕೊಳ್ಳುವುದು ಖಂಡಿತ. ಮೊದಲು ಮುನಿಸಿಕೊಳ್ಳುವವರು ಯಾರು? ಹಿಂದಿನ ಸಂಜೆ ಅವರು ವ್ಯಾನಿನಿಂದ ಇಳಿಯುವಾಗಲೇ ನಾವು ತಲಾ ಒಬ್ಬರನ್ನು ಆರಿಸಿಕೊಳ್ಳಬೇಕು. ಗೆದ್ದವರಿಗೆ ಉಳಿದಿಬ್ಬರ ಪಾಲಿನ ಹೋಳಿಗೆ.

ಕೃಷ್ಣಪ್ಪ ಇದರಲ್ಲಿ ಪಂಡಿತ. ಇಳಿದ ಕೂಡಲೇ ಸೊಂಟಕ್ಕೆ ಕೈಯಿಟ್ಟು ಛತ್ರವನ್ನು ಕೆಳಗಿನಿಂದ ಮೇಲಕ್ಕೆ ನೋಡುವವರನ್ನು ಹಿಡಿಯುತ್ತಿದ್ದ. ಶಾಂತವ್ವ ಬೇರೆಯವರ ಸೀರೆಯ ಅಂಚನ್ನು ಮುಟ್ಟಿ ನೋಡುವ ಅತ್ತೆಯರನ್ನು ಬಿಡುತ್ತಿರಲಿಲ್ಲ. ನಾನು ಮಾತ್ರ ಒಮ್ಮೆಯೂ ಗೆದ್ದವನಲ್ಲ. ನನ್ನ ಹೆಂಡತಿ ಯಾವಾಗ ಮುನಿಸಿಕೊಂಡಿದ್ದಾಳೆಂಬುದೇ ನನಗೆ ಮೂರನೆಯ ದಿನ ತಿಳಿಯುತ್ತದೆ, ಇನ್ನು ಊರವರದು ಹೇಗೆ ತಿಳಿದೀತು?

ಒಂದು ಮದುವೆಯ ಹಿಂದಿನ ಸಂಜೆ ನೀರಿನ ಮೋಟಾರು ಕೈಕೊಟ್ಟು ನಾನು ಗೇಟಿಗೆ ತಡವಾಗಿ ಬಂದೆ. ತಡವಾಗಿ ಬಂದವರಿಗೆ ಉಳಿದವರೇ ಆರಿಸಿಕೊಡುವುದು ನಿಯಮ. ಹೆಣ್ಣಿನ ಚಿಕ್ಕಪ್ಪ, ಮೀಸೆಯವರು, ಆಗಲೇ ಕೃಷ್ಣಪ್ಪನ ಪಾಲಾಗಿದ್ದರು. ಗಂಡಿನ ಸೋದರತ್ತೆ ಶಾಂತವ್ವನಿಗೆ. ಇಬ್ಬರೂ ನಗುತ್ತ ಹೆಣ್ಣಿನ ಸೋದರಮಾವನನ್ನು ನನಗೆ ತೋರಿಸಿದರು. ಆ ಮನುಷ್ಯ ತನ್ನದಲ್ಲದ ಸೂಟ್‌ಕೇಸುಗಳನ್ನೂ ಹೊತ್ತು ಬರುತ್ತಿದ್ದರು. ಮೆಟ್ಟಿಲಿಗೆ ಎಡವಿ, ಆ ಮೆಟ್ಟಿಲನ್ನೇ ಮುಟ್ಟಿ ಕಣ್ಣಿಗೊತ್ತಿಕೊಂಡರು. ನನ್ನ ಹೋಳಿಗೆ ಹೋಯಿತು ಎಂದುಕೊಂಡೆ.

ಆಗ ನನ್ನ ತಲೆಗೆ ದುರ್ಬುದ್ಧಿ ಹೊಕ್ಕಿತು. ತಾನಾಗಿ ಮುನಿಸಿಕೊಳ್ಳದಿದ್ದರೆ ನಾವೇ ಸ್ವಲ್ಪ ನೆರವಾದರೇನು? ಫ್ಯಾನು ಕೆಟ್ಟ ರೂಮನ್ನು ಅವರಿಗೆ ಕೊಟ್ಟೆ. "ಒಳ್ಳೇದೇ ಆಯ್ತು ಅಣ್ಣ, ನಂಗೆ ಫ್ಯಾನ್ ಗಾಳಿ ಆಗಲ್ಲ" ಅಂದರು. ಬೆಳಗ್ಗೆ ಬಿಸಿನೀರು ಖಾಲಿ ಎಂದೆ. ತಣ್ಣೀರು ಸುರಿದುಕೊಂಡು ಬಂದು, "ಮೈ ಹಗುರಾಯ್ತು" ಎಂದು ನನಗೇ ಥ್ಯಾಂಕ್ಸ್ ಹೇಳಿದರು. ತಿಂಡಿಗೆ ಕೂತವರನ್ನು ಎಬ್ಬಿಸಿ, "ಈ ಕುರ್ಚಿ ಬೇರೆಯವರಿಗೆ ಬೇಕು" ಎಂದೆ. ಅವರು ಎದ್ದದ್ದಲ್ಲದೆ ಗೋಡೆಯ ಬದಿಯ ಕುರ್ಚಿಗಳನ್ನೆಲ್ಲ ಹೊತ್ತು ತಂದು ಸಾಲಾಗಿ ಹಾಕಿದರು.

"ಯಾಕ್ರೀ ಅಣ್ಣಾರ, ನಿಮ್ಮ ಮನಷಾ ಇನ್ನಾ ಸಿಟ್ಟಿಗೆದ್ದಿಲ್ಲೇನ್ರಿ?" ಎಂದು ಶಾಂತವ್ವ ಪೊರಕೆ ಹಿಡಿದುಕೊಂಡೇ ಕೆಣಕಿದಳು. ಅವಳು ನಗುತ್ತಿದ್ದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಷ್ಟರಲ್ಲಿ ಮೀಸೆಯ ಚಿಕ್ಕಪ್ಪ ತಮ್ಮ ಶಲ್ಯ ಕಾಣದೆ ಕೆಂಪಾಗತೊಡಗಿದರು. ಕೃಷ್ಣಪ್ಪ ನನ್ನತ್ತ ನೋಡಿ ಹೊಟ್ಟೆ ಸವರಿಕೊಂಡ. ನಾನು ಸೋದರಮಾವನ ಹತ್ತಿರ ಓಡಿದೆ. "ಸಾರ್, ಯಾರೋ ನಿಮ್ಮನ್ನ ಕೇಳ್ಕೊಂಡು ಬಂದಿದಾರೆ, ಗೇಟ್ ಹತ್ರ. ಒಳಗೆ ಬರಲ್ವಂತೆ." ಯಾರೂ ಬಂದಿರಲಿಲ್ಲ. ಬಿಸಿಲಲ್ಲಿ ಸುಮ್ಮನೆ ನಿಂತು ಕೋಪಿಸಿಕೊಂಡು ಬರಲಿ ಎಂಬುದು ನನ್ನ ಲೆಕ್ಕ. "ಅಯ್ಯೋ, ಪಾಪ ಯಾರೋ" ಎನ್ನುತ್ತ ಅವರು ಬರಿಗಾಲಲ್ಲೇ ಹೋದರು.

ಅವರು ಆ ಕಡೆ ಹೋದರು, ಈ ಕಡೆ ಪುರೋಹಿತರು ಮೈಕಿನಲ್ಲಿ, "ಹುಡುಗೀನ ಕರ್ಕೊಂಡು ಬನ್ನಿ, ಸೋದರಮಾವ ಎಲ್ಲಿ?" ಅಂದರು. ಹೆಣ್ಣನ್ನು ಕೈ ಹಿಡಿದು ಮಂಟಪಕ್ಕೆ ಕರೆತರುವುದು ಸೋದರಮಾವನೇ. ಆ ಹುಡುಗಿಗೆ ತಂದೆ ಇರಲಿಲ್ಲ, ಸಾಕಿ ಓದಿಸಿದ್ದೂ ಅವರೇ ಎಂದು ಆಗ ಕಿವಿಗೆ ಬಿತ್ತು. ನಾನು ಗೇಟಿಗೆ ಓಡಿದೆ. ಅವರಿಲ್ಲ. ಬಂದವರು ದಾರಿ ತಪ್ಪಿರಬೇಕೆಂದು ಹುಡುಕಿಕೊಂಡು ಮಾಗಡಿ ರೋಡಿನ ಬಸ್ ಸ್ಟಾಪಿನವರೆಗೂ ಹೋಗಿದ್ದರು!

ಒಳಗೆ ಬೇರೆಯೇ ತೀರ್ಮಾನವಾಗಿತ್ತು. "ಮುನಿಸ್ಕೊಂಡು ಹೋಗ್ಬಿಟ್ಟ. ಫ್ಯಾನಿಲ್ಲದ ರೂಮು ಕೊಟ್ರಂತೆ." "ತಿಂಡಿಗೆ ಕೂತಿದ್ದೋನ್ನ ಎಬ್ಬಿಸಿದ್ರಂತೆ." ಎಲ್ಲರಿಗೂ ಒಂದೊಂದು ಕಾರಣ ಸಿಕ್ಕಿತು. ಮುಹೂರ್ತ ಮೀರುತ್ತದೆಂದು ಮೀಸೆಯ ಚಿಕ್ಕಪ್ಪನೇ ತಮ್ಮ ಕೋಪ ಮರೆತು ಹುಡುಗಿಯನ್ನು ಕರೆತಂದರು. ಅವಳು ಬಾಗಿಲ ಕಡೆಗೇ ತಿರುಗಿ ನೋಡುತ್ತಿದ್ದಳು. ಕೃಷ್ಣಪ್ಪ ನನ್ನ ಬೆನ್ನಿಗೆ ಗುದ್ದಿ, "ಗೆದ್ದೆ ಕಣಯ್ಯಾ! ಇಂಥಾ ಮುನಿಸು ನಮ್ಮ ಛತ್ರ ಕಂಡೇ ಇರ್ಲಿಲ್ಲ" ಅಂದ.

ತಾಳಿ ಕಟ್ಟಿದ ಮೇಲೆ ಸೋದರಮಾವ ಬೆವರು ಸುರಿಸಿಕೊಂಡು ಬಂದರು. ಮನೆಮಂದಿಯೆಲ್ಲ ಸುತ್ತುವರಿದರು.

"ಕೋಪ ಬಿಡಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ" ಎಂದು ಹುಡುಗಿಯ ತಾಯಿ ಅತ್ತರು.

"ಕೋಪ ಎಲ್ಲಮ್ಮಾ? ನಂಗೇನೂ ಕೋಪ ಇಲ್ಲ."

"ನೋಡಿ, ಇನ್ನೂ ಇಳಿದಿಲ್ಲ" ಅಂದರು ಚಿಕ್ಕಪ್ಪ. ಇಲ್ಲವೆಂದಷ್ಟೂ ಅದು ಇದೆ ಎಂದೇ ಅವರೆಲ್ಲ ತಿಳಿದರು. ಕೊನೆಗೆ ಸೋದರಮಾವ ನನ್ನನ್ನು ತೋರಿಸಿದರು. "ಇವ್ರನ್ನೇ ಕೇಳಿ. ಯಾರೋ ಬಂದಿದಾರೆ ಅಂತ ಇವ್ರೇ ಹೇಳಿದ್ದು."

ಎಲ್ಲರೂ ನನ್ನತ್ತ ತಿರುಗಿದರು. "ನಾನು ಯಾರಿಗೂ ಏನೂ ಹೇಳಿಲ್ಲ ಸಾರ್" ಅಂದೆ.

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ಇರ್ಬಹುದು, ನಂಗೇ ಸರಿಯಾಗಿ ಕೇಳಿಸ್ಲಿಲ್ಲ ಅನ್ಸುತ್ತೆ" ಅಂದರು. ಆಮೇಲೆ ತಂಗಿಯ ಕಡೆ ತಿರುಗಿ, "ಆಯ್ತಮ್ಮಾ, ಕೋಪ ಬಂದಿತ್ತು. ಈಗ ಹೋಯ್ತು. ಅಳಬೇಡ" ಅಂದರು. ಎಲ್ಲರಿಗೂ ಸಮಾಧಾನವಾಯಿತು.

ಹೋಳಿಗೆ ತಿಂದೆಯಾ ಎಂದು ನೀವು ಕೇಳಬಹುದು. ತಿಂದೆ. ತುಪ್ಪ ಸಾಲದೆಂದು ಕೇಳಿ ಹಾಕಿಸಿಕೊಂಡೆ. ಸಂಜೆ ಬೀಗದ ಕೈ ಒಪ್ಪಿಸಲು ಬಂದಾಗ ಸೋದರಮಾವ ತಮ್ಮ ಹೆಸರು, ಊರು ಹೇಳಿ, "ಗೇಟ್ ಹತ್ರ ಬಂದಿದ್ದೋರು ಮತ್ತೆ ಬಂದ್ರೆ ಮನೆ ಕಡೆ ಕಳ್ಸಿ ಅಣ್ಣ, ಊಟಾನೂ ಮಾಡ್ದೆ ಹೋಗ್ಬಿಟ್ರು" ಅಂದರು.

ಅದೇ ಮನೆಯ ಇನ್ನೊಂದು ಮದುವೆ ನಮ್ಮ ಛತ್ರದಲ್ಲೇ ನಡೆಯಿತು. ಈ ಸಲ ಸೋದರಮಾವ ವ್ಯಾನಿನಿಂದ ಇಳಿಯುವ ಮೊದಲೇ ಇಬ್ಬರು ಓಡಿ ಬಾಗಿಲು ತೆಗೆದರು. ಮೊದಲ ಕಾಫಿ ಅವರಿಗೆ, ದೊಡ್ಡ ಸೋಫಾ ಅವರಿಗೆ. ಒಂದು ಚೊಂಬನ್ನು ಎತ್ತಲು ಹೋದರೂ, "ಅಯ್ಯೋ, ನೀವು ಸುಮ್ನೆ ಕೂತ್ಕೊಳ್ಳಿ" ಎಂದು ಕೂರಿಸುತ್ತಿದ್ದರು. ಹತ್ತಿರ ಯಾರೂ ಕೂರುತ್ತಿರಲಿಲ್ಲ, ಮಾತು ಎಲ್ಲಿ ತಪ್ಪೀತೋ ಎಂಬ ಭಯ. ಮದುವೆ ಮುಗಿಯುವವರೆಗೂ ಅವರು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬರೇ ಕೂತಿದ್ದರು. ನಾನು ಒಂದು ಮಾತು ನಿಜ ಹೇಳಿದ್ದರೆ ಅದೂ ಮುಗಿಯುತ್ತಿತ್ತು. ನಾನು ಜನರೇಟರ್ ರೂಮಿನಲ್ಲಿ ಅಡಗಿ ಕೂತಿದ್ದೆ. ಆಳು ಮಾತ್ರ ಎಸ್ಸೆಸ್ಸೆಲ್ಸಿ ಪಾಸು.

ಆದ್ದರಿಂದ ಆ ಮನೆಯವರು ಯಾರಾದರೂ ಇದನ್ನು ಓದಿದರೆ ಒಂದು ಉಪಕಾರ ಮಾಡಿ. ಅವರಿಗೆ ಹೊರಲು ಏನಾದರೂ ಕೊಡಿ. ಅವರು ಅಂದು ಮುನಿಸಿಕೊಂಡಿರಲಿಲ್ಲ. ಸುಳ್ಳು ಹೇಳಿದವನು ನಾನು. ಅವರು ಬ್ಯಾಡರಹಳ್ಳಿಯ ಚಿಕ್ಕಹನುಮಯ್ಯ.