ಹೆಪ್ಪುಗಟ್ಟಿದ ಕೆರೆಗೆ ಸತ್ವಾದ ದಾರ

ಮೀನು ತಿನ್ನದವನು ಗಾಳ ಮಾರಲು ಕೂತರೆ ತಮಾಷೆಗಳು ತಾವಾಗಿಯೇ ಅಂಗಡಿ ಹುಡುಕಿಕೊಂಡು ಬರುತ್ತವೆ. ನಾನು ಉಡುಪಿ ಕಡೆಯ ಭಟ್ಟ, ಮೊಟ್ಟೆಯ ವಾಸನೆಗೂ ಮೂಗು ಮುಚ್ಚುವ ಮನೆಯವನು. ಆದರೆ ಗಲ್ಫಿನಲ್ಲಿ ಯಾವ ಅಂಗಡಿಯ ವೀಸಾ ಬರುತ್ತದೋ ಅದೇ ನಮ್ಮ ಕಸುಬು. ನನಗೆ ಬಂದದ್ದು ದುಬೈಯ ಸತ್ವಾದಲ್ಲಿ, ಎರಡು ದರ್ಜಿ ಅಂಗಡಿಗಳ ನಡುವೆ ಇದ್ದ ಮೀನು ಹಿಡಿಯುವ ಸಾಮಾನಿನ ಅಂಗಡಿಯದು. ಗಾಳ, ಕೋಲು, ದಾರ ಎಲ್ಲ ನಾನೇ ಕೊಡುತ್ತಿದ್ದೆ. ಎರೆ ಬೇಕೆಂದರೆ ಮಾತ್ರ ಗಿರಾಕಿಯೇ ಡಬ್ಬಕ್ಕೆ ಕೈ ಹಾಕಬೇಕು, ನಾನು ಗೋಡೆ ನೋಡುತ್ತಿದ್ದೆ. ದುಬೈಗೆ ಮೆಟ್ರೋ ಬಂದು ಒಂದೆರಡು ವರ್ಷವಾಗಿದ್ದಾಗ ನನಗೆ ಗಂಟುಬಿದ್ದ ಒಬ್ಬ ಗಿರಾಕಿಯ ಸಂಗತಿ ಇದು.

ತಲೆತಲಾಂತರದ ಮೀನುಗಾರ

ಹೊರಗೆ ಟಾರು ಕರಗುವ ಬಿಸಿಲು. ಟೈ ಕಟ್ಟಿದ ಒಬ್ಬರು ಒಳಗೆ ಬಂದು, ಐಸಿನ ಮೇಲೆ ಕೂತು ಮೀನು ಹಿಡಿಯುವುದಕ್ಕೆ ದಾರ ಬೇಕು ಅಂದರು. ಬಿಸಿಲು ತಲೆಗೆ ಹತ್ತಿರಬೇಕು ಎಂದು ನಾನು ಮೊದಲು ನೀರು ಕೊಟ್ಟೆ.

ವಿಷಯ ಹೀಗಿತ್ತು. ಅವರು ಮಲ್ಪೆಯವರು, ಇಲ್ಲಿ ಒಂದು ಕೆನಡಾ ಕಂಪನಿಯಲ್ಲಿ ಅಕೌಂಟೆಂಟ್. ಅಲ್ಲಿಂದ ಬಂದಿದ್ದ ದೊಡ್ಡ ಸಾಹೇಬರ ಜೊತೆ ಊಟಕ್ಕೆ ಕೂತಾಗ, ಮೀನಿನ ಮುಳ್ಳನ್ನು ಬಾಚಣಿಗೆಯಂತೆ ಹಾಗೇ ಬಿಡಿಸಿಟ್ಟು, ನಮ್ಮದು ತಲೆತಲಾಂತರದ ಮೀನುಗಾರರ ಮನೆ ಎಂದು ಕೊಚ್ಚಿಕೊಂಡಿದ್ದರು. ಸಾಹೇಬರು ಹಿಗ್ಗಿಹೋದರು. ಅವರ ಆಫೀಸಿನವರು ಪ್ರತಿ ಚಳಿಗಾಲ ಹೆಪ್ಪುಗಟ್ಟಿದ ಕೆರೆಗೆ ತೂತು ಕೊರೆದು ಗಾಳ ಹಾಕುತ್ತಾರಂತೆ. ಹೋದ ವರ್ಷ ದಾರವೆಲ್ಲ ಚಳಿಗೆ ಸೆಟೆದು ತುಂಡಾಗಿ ಬರಿಗೈಯಲ್ಲಿ ವಾಪಸಾಗಿದ್ದರು. ಈ ಸಲ ನೀನೂ ಬಾ, ಎಲ್ಲರಿಗೂ ದಾರ ಆರಿಸಿ ತರುವುದು ನಿನ್ನ ಜವಾಬ್ದಾರಿ, ನಿನಗಿಂತ ತಿಳಿದವರು ಯಾರು ಎಂದುಬಿಟ್ಟರು.

ಎಷ್ಟು ದಪ್ಪದ್ದು ಬೇಕು ಅಂತ ಕೇಳಿದೆ. ಒಳ್ಳೆಯ ದಪ್ಪದ್ದು ಅಂದರು. ಯಾವ ಮೀನಿಗೆ ಅಂದೆ. ಅಲ್ಲಿಯ ಮೀನಿಗೆ ಅಂದರು. ಆಮೇಲೆ ಸುತ್ತ ನೋಡಿ, ಸ್ವರ ತಗ್ಗಿಸಿ ನಿಜ ಹೇಳಿದರು.

"ಭಟ್ರೇ, ನಮ್ಮ ಮನೆಯಲ್ಲಿ ಬಲೆ ಉಂಟು, ಬೋಟ್ ಉಂಟು. ನನ್ನನ್ನು ಮಾತ್ರ ಓದ್ಲಿಕ್ಕೆ ಕಳಿಸಿದ್ರು. ನಾನು ಈವರೆಗೆ ಒಂದು ಮೀನು ಹಿಡಿದವನಲ್ಲ. ಇದು ಅಲ್ಲಿ ಗೊತ್ತಾದ್ರೆ ನನ್ನ ಮರ್ಯಾದೆ ಖಲಾಸ್."

ನನಗೆ ಪಾಪ ಅನ್ನಿಸಿತು. ಧೈರ್ಯ ಹೇಳಿದೆ: "ಹೆದರಬೇಡಿ ಅಣ್ಣ. ನೀವು ಹಿಡಿದವರಲ್ಲ, ನಾನು ತಿಂದವನಲ್ಲ. ನಾವಿಬ್ಬರು ಸೇರಿ ದಾರ ಆರಿಸುತ್ತೇವೆ ಅಂದರೆ ಮೀನುಗಳಿಗಂತೂ ಒಳ್ಳೆಯ ಕಾಲ."

ಫ್ರೀಜರಿನ ಬೇಟೆ

ಅಂಗಡಿಯಲ್ಲಿ ಎರಡು ಬಗೆಯ ದಾರ ಇತ್ತು. ಒಂದು ಜಡೆಯಂತೆ ಹೆಣೆದದ್ದು, ಇನ್ನೊಂದು ಒಂಟಿ ಎಳೆಯ ನೈಲಾನಿನದು. ಯಾವುದು ಚಳಿ ತಡೆಯುತ್ತದೆಂದು ಡಬ್ಬಿಯ ಮೇಲೆ ಬರೆದಿರಲಿಲ್ಲ. ದುಬೈಯಲ್ಲಿ ಅದನ್ನು ಕೇಳುವವರಾದರೂ ಯಾರು? ಎರಡನ್ನೂ ನೀರಲ್ಲಿ ಅದ್ದಿ ಮನೆಯ ಫ್ರೀಜರಿನಲ್ಲಿಟ್ಟು ನೋಡುತ್ತೇನೆ ಎಂದು ಅವರು ತೆಗೆದುಕೊಂಡು ಹೋದರು.

ಊದ್ ಮೇಥಾದ ಅವರ ಫ್ಲಾಟಿನಲ್ಲಿ ಫ್ರೀಜರ್ ಅಂದರೆ ಹೆಂಡತಿಯ ಸಂಸ್ಥಾನ. ಮಾರ್ಕೆಟಿನಿಂದ ತಂದ ವಾರದ ಮೀನು ಶುಚಿಯಾಗಿ ಒಂದೊಂದು ಸಾರಿಗೆ ಒಂದೊಂದು ಕಟ್ಟಾಗಿ ಅಲ್ಲಿ ಮಲಗಿರುತ್ತದೆ. ಅದರ ಪಕ್ಕದಲ್ಲಿ ತುರಿದ ಕಾಯಿ, ಊರಿನಿಂದ ಬಂದ ಹಲಸಿನ ಸೊಳೆ. ಇವರು ಹೆಂಡತಿಗೆ ಹೇಳದೆ ಒದ್ದೆ ದಾರವನ್ನು ಆ ಕಟ್ಟುಗಳ ಮೇಲೆಯೇ ಹರಡಿಟ್ಟರು. ನೈಲಾನು ತನ್ನ ಪಾಡಿಗೆ ಬಿದ್ದಿತ್ತು. ಹೆಣೆದ ದಾರ ಮಾತ್ರ ಕುಡಿದ ನೀರೆಲ್ಲ ಐಸಾಗಿ ಸಿಕ್ಕಿದ್ದಕ್ಕೆಲ್ಲ ಅಂಟಿಕೊಂಡಿತು.

ಮರುದಿನ ಬೆಳಿಗ್ಗೆ ಅಂಗಡಿಗೆ ಅವರ ಹೆಂಡತಿಯ ಫೋನು.

"ಭಟ್ರಲ್ವಾ? ನಿಮ್ಮ ದಾರ ಭಾರೀ ಚಂದ ಉಂಟು. ಒಂದು ಬಂಗುಡೆ ಕಟ್ಟು ಎಳೆದೆ. ಹಿಂದಿನಿಂದ ಕಾಣೆ ಮೀನು ಬಂತು, ಸಿಗಡಿ ಬಂತು, ಕಡೆಗೆ ಹಲಸಿನ ಸೊಳೆಯೂ ಬಂತು. ಅವರನ್ನು ಕೆನಡಾಕ್ಕೆ ಯಾಕೆ ಕಳಿಸ್ತೀರಿ, ದಿನಾ ಇಲ್ಲೇ ಹಿಡೀಲಿ."

ಹೆಣೆದ ದಾರ ಬೇಡವೆಂದು ಅಲ್ಲಿಗೆ ತೀರ್ಮಾನವಾಯಿತು.

ಅಲ್ ಕೂಜಿನ ಕೆನಡಾ

ಇನ್ನು ನೈಲಾನಿನಲ್ಲಿ ದಪ್ಪದ್ದೋ ಸಣ್ಣದೋ ಎಂಬ ಪ್ರಶ್ನೆ. ಅವರಿಗೊಬ್ಬ ಕೊಂಕಣಿ ಗೆಳೆಯ, ಅಲ್ ಕೂಜಿನ ಒಂದು ಕೋಲ್ಡ್ ಸ್ಟೋರಿನಲ್ಲಿ ಸೂಪರ್‌ವೈಸರ್. ಶುಕ್ರವಾರ ಅಲ್ಲಿಗೆ ನನ್ನನ್ನೂ ಎಳೆದುಕೊಂಡು ಹೋದರು. ಬಾಗಿಲಾಚೆ ಒಂದು ಹೆಜ್ಜೆ ಇಟ್ಟದ್ದೇ ಬೆನ್ನಿನ ಬೆವರು ಮಂಜಾಯಿತು. ನಮ್ಮ ಅಕೌಂಟೆಂಟರು ಗೆಳೆಯ ಕೊಟ್ಟ ದಪ್ಪ ಜಾಕೆಟ್ ಹಾಕಿ, ಬಟಾಣಿ ಪೆಟ್ಟಿಗೆಗಳ ನಡುವೆ ಬಕೆಟ್ ಬೋರಲು ಹಾಕಿ ಕೂತು, ಎದುರಿನ ಖಾಲಿ ಡಬ್ಬಕ್ಕೆ ದಾರ ಇಳಿಬಿಟ್ಟರು.

ದಪ್ಪ ದಾರ ನೆಟ್ಟಗಾಗಲೇ ಇಲ್ಲ. ಸುತ್ತಿಟ್ಟ ಹಾಗೆಯೇ ಸ್ಪ್ರಿಂಗಿನಂತೆ ಎದ್ದು ಅವರ ಮೂಗಿಗೆ ಬಡಿಯಿತು. ಸಪೂರ ದಾರ ಮೆತ್ತಗೆ ಕೆಳಗಿಳಿಯಿತು. ಆದರೆ ಅದು ಅವರ ಮನಸ್ಸಿಗೆ ಬರಬೇಕಲ್ಲ. ಇದು ಮಲ್ಲಿಗೆ ಕಟ್ಟುವುದಕ್ಕಾದೀತು, ಮೀನಿಗಲ್ಲ, ಮಲ್ಪೆಯವನು ಇಷ್ಟು ಸಪೂರದ್ದು ಕೊಂಡುಹೋದರೆ ನಗುತ್ತಾರೆ ಎಂದು ಹಟ ಹಿಡಿದರು. ಕೆರೆಯ ಮೀನು ಕಡಲಿನ ಅಂಜಲಿನಷ್ಟು ದೊಡ್ಡದಲ್ಲ, ಅಂಗೈಯಷ್ಟು ಇದ್ದೀತು ಎಂದು ನಾನು ಹೇಳಿದೆ. ಮೀನಿನ ವಿಷಯದಲ್ಲಿ ಭಟ್ಟರ ಮಾತು ಕೇಳಬೇಕಾ ಎಂಬಂತೆ ನೋಡಿದರು. ದಪ್ಪ ದಾರವನ್ನೇ ಮತ್ತೆ ಇಳಿಬಿಟ್ಟರು, ಅದು ಮತ್ತೆ ಮೂಗಿಗೆ ಬಡಿಯಿತು.

ಗೆಳೆಯ ನಡುಗುತ್ತಾ ಎಷ್ಟು ಹೊತ್ತು ಕಾದಾನು? ಕೊನೆಗೆ ಹೇಳಿದ: "ಮಾರಾಯ, ನಿಂಗೆ ಮೀನೇ ಬೇಕಾದ್ರೆ ಆ ಸಾಲಿನಲ್ಲಿ ಉಂಟು. ತಲೆ ತೆಗೆದು ತುಂಡು ಮಾಡಿಯೇ ಇಟ್ಟಿದ್ದಾರೆ. ಯಲ್ಲಾ, ಹೊರಡು, ಬಾಗಿಲು ಹಾಕ್ಬೇಕು."

ಮೂಗು ಉಜ್ಜಿಕೊಳ್ಳುತ್ತಾ ಸಪೂರ ದಾರಕ್ಕೆ ಒಪ್ಪಿದರು.

ಐಲೇಸಾ

ಫೆಬ್ರವರಿಯಲ್ಲಿ ಹೋದರು. ಅವರು ಬರುವವರೆಗೆ ನನಗೂ ಸಮಾಧಾನವಿಲ್ಲ. ದಾರ ತುಂಡಾದರೆ ಅವರ ಮರ್ಯಾದೆಯ ಜೊತೆ ನನ್ನದೂ ಹೋಗುತ್ತದಲ್ಲ. ಬಂದವರೇ ನೆಟ್ಟಗೆ ಅಂಗಡಿಗೆ ಬಂದು, ಸ್ಟೂಲ್ ಎಳೆದು ಕೂತು ಹೇಳಿದರು.

ಕೆರೆ ಸಿಮೆಂಟಿನಷ್ಟು ಗಟ್ಟಿಯಾಗಿತ್ತಂತೆ. ಮೊದಲ ತೂತು ಗೌರವದಿಂದ ಇವರಿಗೇ ಬಿಟ್ಟುಕೊಟ್ಟರು. ಇಡೀ ಆಫೀಸು ಇವರ ಕೈ ನೋಡುತ್ತಾ ನಿಂತಿತು. ಕೈ ಚಳಿಗೆ ಮರಗಟ್ಟಿ ಗಾಳ ಕಟ್ಟುವುದಿರಲಿ, ಗಾಳ ಎಲ್ಲಿದೆ ಎಂದೇ ಗೊತ್ತಾಗುತ್ತಿರಲಿಲ್ಲ. ಬಗ್ಗಿ ತೂತಿನ ನೀರು ನೋಡಿದರು, ಆಕಾಶ ನೋಡಿದರು, ಇನ್ನೂ ಹೊತ್ತಾಗಿಲ್ಲ ಎಂಬಂತೆ ತಲೆಯಾಡಿಸಿದರು. ಬಹಳ ತಿಳಿದವನು ಎಂದು ಉಳಿದವರು ಸುಮ್ಮನೆ ತಮ್ಮ ತಮ್ಮ ತೂತಿಗೆ ಹೋಗಿ ಕೂತರು.

ಅಷ್ಟರಲ್ಲಿ ದೊಡ್ಡ ಸಾಹೇಬರ ದಾರ ಜಗ್ಗಿತು. ಇವರಿಗೆ ಅದೇನಾಯಿತೋ. ಚಿಕ್ಕಂದಿನಲ್ಲಿ ಕಡಲತೀರದಲ್ಲಿ ಕೈರಂಪಣಿ ಬಲೆಯನ್ನು ಊರಿಗೆ ಊರೇ ಸೇರಿ ಎಳೆಯುವುದನ್ನು ನೋಡಿದ್ದು ನೆತ್ತಿಗೇರಿತು. ಓಡಿಹೋಗಿ ಸಾಹೇಬರ ಸೊಂಟ ಹಿಡಿದು "ಐಲೇಸಾ" ಎಂದು ಕೂಗಿದರು. ಮಲ್ಪೆಯ ವಿದ್ಯೆ ಇದೇ ಇರಬೇಕೆಂದು ಅಕೌಂಟ್ಸಿನವರು ಇವರ ಸೊಂಟ ಹಿಡಿದರು, ಸೇಲ್ಸಿನವರು ಅವರ ಸೊಂಟ ಹಿಡಿದರು. ಎಲ್ಲರೂ ಸೇರಿ ಎಳೆದ ಹೊಡೆತಕ್ಕೆ ಸಾಹೇಬರು ಕೂತಲ್ಲಿಂದಲೇ ಹಿಂದಕ್ಕೆ ಜಾರುತ್ತಾ ಹೋದರು. ದಾರ ತುಂಡಾಗಲಿಲ್ಲ. ತೂತಿನಿಂದ ಹಾರಿ ಸಾಹೇಬರ ಎದೆ ಮೇಲೆ ಬಿದ್ದ ಮೀನು ಅಂಗೈಯಷ್ಟಿತ್ತು.

ಎಲ್ಲರೂ ಮೀನು ನೋಡಿ, ಆಮೇಲೆ ಇವರ ಮುಖ ನೋಡಿದರು. ಮರ್ಯಾದೆ ಹೋಯಿತು ಅಂದುಕೊಂಡರು ಇವರು. ಆದರೆ ಬಾಯಿ ಸುಮ್ಮನಿರಬೇಕಲ್ಲ. ನಮ್ಮಲ್ಲಿ ಎಳೆದವರಿಗೆಲ್ಲ ಪಾಲುಂಟು, ಅದು ಕಡಲಿನ ನ್ಯಾಯ ಎಂದು ಗಂಭೀರವಾಗಿ ಹೇಳಿಬಿಟ್ಟರು. ಅಲ್ಲೇ ಒಲೆ ಹಚ್ಚಿ, ಆ ಬಡಪಾಯಿ ಮೀನನ್ನು ಇಡೀ ಆಫೀಸಿಗೆ ಹಂಚಿದರು. ಸಾಹೇಬರಿಗೆ ಬಾಲ ಬಂತು. ಅವರು ಅದನ್ನು ಪ್ರಸಾದದಂತೆ ಬಾಯಿಗೆ ಹಾಕಿಕೊಂಡು, ಇಷ್ಟು ವರ್ಷ ನಾವು ಒಬ್ಬೊಬ್ಬರೇ ಕೂತು ಹಿಡಿಯುತ್ತಿದ್ದದ್ದೇ ತಪ್ಪು ಅಂದರಂತೆ. ಆಮೇಲೆ ಸಂಜೆಯವರೆಗೆ ಯಾರ ದಾರ ಜಗ್ಗಿದರೂ ಎಲ್ಲರೂ ಐಲೇಸಾ ಎಂದು ಓಡುವುದೇ ಆಯಿತು.

ನನಗೆ ಖುಷಿಯಾಗಿ ಕಣ್ಣಲ್ಲಿ ನೀರೇ ಬಂತು. ಆದರೂ ಒಂದು ಮಾತು ಕೇಳದಿರಲು ಆಗಲಿಲ್ಲ. "ಅದೆಲ್ಲ ಸರಿ ಅಣ್ಣ, ನಿಮ್ಮ ತೂತಿನಲ್ಲಿ ಎಷ್ಟು ಸಿಕ್ಕಿತು?"

ಅವರು ಟೈ ಸರಿಮಾಡಿಕೊಂಡು, ಇಂಥ ಪ್ರಶ್ನೆಯನ್ನು ಭಟ್ಟರು ಮಾತ್ರ ಕೇಳಬಲ್ಲರು ಎಂಬಂತೆ ನನ್ನನ್ನು ನೋಡಿದರು.

"ನನ್ನ ಗಾಳ ನೀರಿಗೆ ಇಳೀಲೇ ಇಲ್ಲ ಭಟ್ರೇ. ಬೋಟ್ ನಡೆಸುವ ತಾಂಡೇಲ ಎಲ್ಲಾದರೂ ತಾನೇ ಮೀನು ಹಿಡೀಲಿಕ್ಕೆ ಕೂತ್ಕೊಳ್ತಾನಾ?"