ಹತ್ತೊಂಬತ್ತು ಸಾವಿರದ ಮಾವ

ನಮ್ಮ ಮಾವನ ಹತ್ತಿರ ಕಾರು ಉಂಟು. ಆದರೆ ಅವರು ಪುತ್ತೂರಿಗೆ ಹೋಗುವುದು ಬಸ್ಸಿನಲ್ಲಿ. ಯಾಕೆ ಎಂದು ಕೇಳಿದರೆ ಅವರಿಗೇ ಆಶ್ಚರ್ಯ!

"ಕಾರಿನಲ್ಲಿ ಹೋದರೆ ಕಾರು ಓಡುದಿಲ್ವಾ ಮಾರಾಯ್ತಿ?"

ಇದಕ್ಕೆ ನೀವು ಏನು ಉತ್ತರ ಕೊಡುತ್ತೀರಿ? ನಾನಂತೂ ಎಂಟು ವರ್ಷಗಳಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಆಲಂಕಾರಿನಲ್ಲಿ ಮನೆ. ಮನುಷ್ಯ ಬೇರೆ ಎಲ್ಲದರಲ್ಲೂ ನಿಮ್ಮ ನಮ್ಮ ಹಾಗೆಯೇ. ಕಾರಿನ ವಿಷಯ ಬಂದಾಗ ಮಾತ್ರ ಅವರ ದಾರಿ ಬೇರೆ. ಮಂಗಳೂರಿನಲ್ಲಿ ಒಬ್ಬರು ವಯಸ್ಸಾದ ಡಾಕ್ಟರು ತಮ್ಮ ಹಳೆಯ ಸ್ಟೇಷನ್ ವ್ಯಾಗನ್ ಕೊಡುತ್ತಾರಂತೆ ಎಂಬ ಸುದ್ದಿ ಸಿಕ್ಕಿದ್ದೇ, ಪುತ್ತೂರಿನ ತಮ್ಮ ಖಾಯಂ ಗ್ಯಾರೇಜಿನ ಮೇಸ್ತ್ರಿಯನ್ನು ಕರೆದುಕೊಂಡು ಹೊರಟರು. ಕಾರು ತಯಾರಾಗಿ ವರ್ಷ ಎಷ್ಟೋ ಆಗಿತ್ತು. ಮೀಟರಿನಲ್ಲಿ ಇದ್ದದ್ದು ಬರೀ ಹದಿನಾಲ್ಕು ಸಾವಿರದ ಚಿಲ್ಲರೆ ಕಿಲೋಮೀಟರು. ಯಾರು ನಂಬುತ್ತಾರೆ? ಮೇಸ್ತ್ರಿ ನಂಬಲಿಲ್ಲ. ಮಾವ ಬಗ್ಗಿ, ಕಾರಿನೊಳಗೆ ತಲೆ ಹಾಕಿ, ಬ್ರೇಕಿನ ಪೆಡಲನ್ನು ಕೈಯಿಂದ ಸವರಿ ನೋಡಿದರು. ಪೆಡಲಿನ ರಬ್ಬರಿನ ಗೀರುಗಳು ಒಂದೂ ಸವೆದಿರಲಿಲ್ಲ.

"ಮೀಟರು ಸುಳ್ಳು ಹೇಳೀತು ಮೇಸ್ತ್ರಿಗಳೇ. ಈ ರಬ್ಬರು ಹೇಳುದಿಲ್ಲ."

ಆಮೇಲೆ ಗುಟ್ಟು ಗೊತ್ತಾಯಿತು. ಡಾಕ್ಟರು ಕಾರು ತೆಗೆದುಕೊಂಡದ್ದು ಕ್ಲಿನಿಕ್ಕಿಗೆ ಹೋಗಿ ಬರಲಿಕ್ಕೆ. ಮರುವರ್ಷವೇ ಕ್ಲಿನಿಕ್ಕನ್ನು ಮನೆಯ ಕೆಳಗಿನ ಮಹಡಿಗೆ ತಂದರು. ಮೆಟ್ಟಿಲಿಳಿಯಲಿಕ್ಕೆ ಕಾರು ಯಾಕೆ?

ವ್ಯಾಪಾರ ಮುಗಿಯಿತು. ಆಗ ಮಾವನಿಗೆ ಒಂದು ಚಿಂತೆ ಹಿಡಿಯಿತು: ಮಂಗಳೂರಿನಿಂದ ಆಲಂಕಾರಿಗೆ ಎಪ್ಪತ್ತು ಕಿಲೋಮೀಟರಿಗೆ ಕಡಿಮೆ ಇಲ್ಲ. ಅಷ್ಟು ದೂರ ಓಡಿಸಿದರೆ ಅಷ್ಟೂ ಮೀಟರಿಗೆ ಏರುವುದಿಲ್ಲವೇ? ಲಾರಿಗೆ ಹೇರಿ ತರುವ ಎಂದು ಲಾರಿಯವನನ್ನು ವಿಚಾರಿಸಿದರಂತೆ. ಅವನು "ಕಾರು ಹಾಳಾಗಿದೆಯಾ?" ಎಂದು ಕೇಳಿದ. "ಇಲ್ಲ, ಚೆನ್ನಾಗಿ ಉಂಟು, ಅದಕ್ಕೇ" ಎಂದರು ಮಾವ. ಲಾರಿಯವನು ಫೋನಿಟ್ಟ. ಕೊನೆಗೆ ಓಡಿಸಿಕೊಂಡೇ ಬಂದರು. ಅಂಗಳದಲ್ಲಿ ಇಳಿದ ಅವರ ಮುಖ ನೋಡಿ ಅತ್ತೆ, "ಎಂತ, ದಾರಿಯಲ್ಲಿ ಎಲ್ಲಿಯಾದರೂ ಗುದ್ದಿದಿರಾ?" ಎಂದು ಗಾಬರಿಯಾದರು.

"ಗುದ್ದಲಿಲ್ಲ. ಎಪ್ಪತ್ತಾರು ಹೋಯಿತು."

ಆ ಕಾರನ್ನು ನೀವು ನೋಡಬೇಕು. ಮುಂದಿನಿಂದ ನೋಡಿದರೆ ಎಲ್ಲರ ಕಾರಿನ ಹಾಗೆ. ಹಿಂದಕ್ಕೆ ಹೋದ ಹಾಗೆ ಅದು ಮುಗಿಯುವುದೇ ಇಲ್ಲ! ಎಷ್ಟು ಸಾಮಾನು ಹಿಡಿಯುತ್ತದೆ ಎಂದು ಕೇಳಿದವರಿಗೆ ಮಾವ, "ಚಾಪೆ ಹಾಸಿದರೆ ಇಬ್ಬರು ಕಾಲು ಚಾಚಿ ಮಲಗಬಹುದು" ಎನ್ನುತ್ತಾರೆ. ಇಷ್ಟು ವರ್ಷಗಳಲ್ಲಿ ಅದರಲ್ಲಿ ಅವರು ಹೇರಿದ ಸಾಮಾನು ಯಾವುದು? ಅದೇ ಚಾಪೆ. ಹಿಂದೆ ಧೂಳು ಕೂರಬಾರದು ನೋಡಿ!

ಪೇಟೆಯವರು ಸುಮ್ಮನಿರುತ್ತಾರಾ? "ಆಂಬುಲೆನ್ಸ್ ಯಾವಾಗ ತಂದದ್ದು ಮಾರಾಯ್ರೆ?" ಎಂದು ಒಬ್ಬ, "ಫೋನು ನಂಬರು ಬರೆಸಿಡಿ, ಬೇಕಾದೀತು" ಎಂದು ಇನ್ನೊಬ್ಬ. ಒಮ್ಮೆ ಮಾವ ಅಪರೂಪಕ್ಕೆ ಕಾರು ತೆಗೆದು ನಮ್ಮ ಮನೆಗೆ, ನರಿಮೊಗರಿಗೆ, ಹೊರಟಿದ್ದರು. ದಾರಿಯಲ್ಲಿ ಒಬ್ಬರು ಅಜ್ಜಿ ಕೈ ಅಡ್ಡ ಹಿಡಿದರು. ಏನೋ ಆಪತ್ತಿರಬೇಕೆಂದು ಮಾವ ನಿಲ್ಲಿಸಿದರೆ, ಅಜ್ಜಿ ಹಿಂದಿನ ಬಾಗಿಲು ತೆಗೆದು ಹತ್ತಿ ಕೂತು, ಬಾಗಿಲನ್ನು ಧಡಾರನೆ ಹಾಕಿ, "ಹೋಗುವ. ಇನ್ನು ಜನ ತುಂಬುವವರೆಗೆ ನಿಲ್ಲಿಸುದು ಬೇಡ" ಎಂದರಂತೆ. ಬಾಡಿಗೆಗೆ ಜನ ಹೇರುವ ಸರ್ವಿಸ್ ಗಾಡಿ ಎಂದು ಅವರು ತಿಳಿದದ್ದು! ಮಾವ ಮನೆಗೆ ಬಂದು ಒಂದು ಗಂಟೆ ಕುದಿದರು. ಡ್ರೈವರ್ ಎಂದು ತಿಳಿದರಲ್ಲಾ ಎಂದಲ್ಲ.

"ಅಷ್ಟು ಜೋರಾಗಿ ಬಾಗಿಲು ಹಾಕುದಾ?"

ಇನ್ನು ಕಾರಿನ ಆರೈಕೆ. ಪ್ರತಿದಿನ ಸಂಜೆ ಚಾ ಕುಡಿದ ಮೇಲೆ ಮಾವ ಕಾರಿನಲ್ಲಿ ಕೂತು ಹತ್ತು ನಿಮಿಷ ಇಂಜಿನು ಓಡಿಸುತ್ತಾರೆ. ಕಾರು ನಿಂತಲ್ಲೇ ಇರುತ್ತದೆ. ಕೇಳಿದರೆ "ಉಸಿರಾಡಲಿಕ್ಕೆ" ಎನ್ನುತ್ತಾರೆ. ಮಳೆಗಾಲದಲ್ಲಿ ಜಾಕು ಕೊಟ್ಟು ಎತ್ತಿ, ಅಡಿಗೆ ಕೆಂಪು ಕಲ್ಲು ಇಟ್ಟು, ನಾಲ್ಕು ಚಕ್ರಗಳನ್ನೂ ನೆಲ ಬಿಡಿಸುತ್ತಾರೆ. ನಿಂತಲ್ಲೇ ನಿಂತು ಟಯರು ಚಪ್ಪಟೆಯಾಗಬಾರದಂತೆ. ಒರೆಸಲಿಕ್ಕೆ ಮೆತ್ತಗಿನ ಬಿಳಿ ಪಂಚೆ. ಸ್ವತಃ ಮಾವ ಉಡುವ ಪಂಚೆ ಅದಕ್ಕಿಂತ ಹಳತು! ಇಲಿಗಳು ವಯರು ಕಡಿಯಬಾರದೆಂದು ಬಾನೆಟಿನೊಳಗೆ ವಾರಕ್ಕೊಮ್ಮೆ ಹೊಗೆಸೊಪ್ಪು ಇಡುತ್ತಾರೆ. ಅತ್ತೆ ಬಂದವರ ಎದುರು ಹೇಳುವುದುಂಟು, "ನಮ್ಮಲ್ಲಿ ಎಲೆ ಅಡಿಕೆ ತಿನ್ನುದು ನಾನು. ಹೊಗೆಸೊಪ್ಪು ಕಾರಿಗೆ."

ಬಂದವರಿಗೆ ಆ ಮನೆಯಲ್ಲಿ ಮೊದಲು ಬೆಲ್ಲ ನೀರು, ಆಮೇಲೆ ಮೀಟರು. ನೀರಿನ ಲೋಟ ಕೆಳಗಿಡುವ ಮೊದಲೇ ಮಾವ ಎದ್ದು ನಿಂತಿರುತ್ತಾರೆ. ಮದುಮಗಳ ಮುಖ ತೋರಿಸುವ ಹಾಗೆ ಕಾರಿನ ಮೇಲಿನ ಬಟ್ಟೆ ಸರಿಸುತ್ತಾರೆ. ಹತ್ತೊಂಬತ್ತು ಸಾವಿರದ ಇಷ್ಟು! ಇಪ್ಪತ್ತು ಸಾವಿರ ದಾಟಬಾರದು ಎಂಬುದು ಅವರ ಛಲ.

"ಹತ್ತೊಂಬತ್ತು ಅಂದರೆ ಕಾರು ಹೊಸತು. ಇಪ್ಪತ್ತು ಅಂದರೆ ಹಳತು. ನನ್ನ ಕೈಯಲ್ಲಿ ಅದು ಹಳತಾಗಬಾರದು."

ಅವರ ಈ ಒದ್ದಾಟ ನೋಡಲಾರದೆ ಒಮ್ಮೆ ಮೇಸ್ತ್ರಿ ಉಪಾಯ ಹೇಳಿದರು. "ಧಣಿ, ಅಷ್ಟು ಬೇಜಾರಾದರೆ ಮೀಟರಿನ ಕೇಬಲು ಬಿಚ್ಚಿಡುವ. ಕಾಸರಗೋಡಿಗೆ ಹೋಗಿ ಬಂದರೂ ನಂಬರು ಏಳುದಿಲ್ಲ." ಮಾವ ಎರಡು ತಿಂಗಳು ಆ ಗ್ಯಾರೇಜಿನ ಕಡೆ ತಲೆ ಹಾಕಲಿಲ್ಲ. "ಓಡಿದ್ದನ್ನು ಓಡಲಿಲ್ಲ ಅಂತ ಹೇಳುದಾ? ಅಂಥ ಹತ್ತೊಂಬತ್ತು ನನಗೆ ಬೇಡ." ನಾವೆಲ್ಲ ನಕ್ಕೆವು. ಆದರೆ ಹೇಳುತ್ತೇನೆ, ಆ ದಿನ ನನಗೆ ಅವರ ಸೋದರಸೊಸೆ ಎಂದು ಸ್ವಲ್ಪ ಹೆಮ್ಮೆಯೇ ಆಯಿತು.

ಹೀಗಿರುವಾಗ ನನ್ನ ಮದುವೆ ನಿಶ್ಚಯವಾಯಿತು.

ಮದುವೆಗೆ ಕರೆಯುವ ನಮ್ಮ ಕಡೆಯ ಹೇಳಿಕೆ ನಿಮಗೆ ಗೊತ್ತಲ್ಲ? ಫೋನಿನಲ್ಲಿ ಹೇಳಿದರೆ ಅದು ಸುದ್ದಿ, ಹೇಳಿಕೆ ಅಲ್ಲ. ಪ್ರತಿ ಮನೆಗೂ ಹೋಗಬೇಕು, ಒಳಗೆ ಕೂರಬೇಕು, ಏನಾದರೂ ಕುಡಿಯಬೇಕು, ಹಿರಿಯರ ಕೈಗೆ ಮದುವೆ ಕಾಗದ ಕೊಟ್ಟು "ಎಲ್ಲರೂ ಬರಬೇಕು" ಎನ್ನಬೇಕು. ಹೆಣ್ಣಿನ ಅಪ್ಪ ಹೋಗುವುದು ಕ್ರಮ. ನನ್ನ ಅಪ್ಪ ನಾನು ಮೂರನೇ ಕ್ಲಾಸಿನಲ್ಲಿರುವಾಗಲೇ ತೀರಿಕೊಂಡಿದ್ದರು. ಅಮ್ಮ, ಅಣ್ಣನ ಕಾರು ಕೇಳಲು ಹೆದರಿ, ಬಾಡಿಗೆ ಕಾರು ಮಾತಾಡಿ ಬಂದರು. ಮಾವನಿಗೆ ಸುದ್ದಿ ಹೋಯಿತು.

"ನನ್ನ ಕಾರು ಇರುವಾಗ ಬಾಡಿಗೆಯಾ? ನಾನೇನು ಸತ್ತಿದ್ದೇನಾ?"

"ಮೀಟರು?" ಎಂದರು ಅತ್ತೆ.

ಮಾವ ಒಮ್ಮೆ ಕಾರಿನ ಕಡೆ ನೋಡಿದರು. "ದಾರಿ ಸರಿ ಮಾಡಿಕೊಂಡರೆ ದಾಟಲಿಕ್ಕಿಲ್ಲ" ಎಂದರು.

ದಾರಿ ಸರಿ ಮಾಡಿಕೊಳ್ಳುವುದೆಂದರೇನು? ಅಮ್ಮನನ್ನು ಆಲಂಕಾರಿನಲ್ಲೇ ಉಳಿಸಿಕೊಂಡು, ಒಂದೇ ರಸ್ತೆಯಲ್ಲಿ ಎರಡು ಸಲ ಹೋಗದ ಹಾಗೆ ಮನೆಗಳನ್ನು ಪೋಣಿಸಿದರು. ಮೊದಲ ದಿನ ಕಡಬದ ಕಡೆ; ಸಂಜೆ ಮೀಟರಿನಲ್ಲಿ ಹತ್ತೊಂಬತ್ತು ಸಾವಿರದ ನಾನೂರ ಹನ್ನೆರಡು. ಎರಡನೇ ದಿನ ಸುಳ್ಯ. ಸುಳ್ಯದಲ್ಲಿ ಇಳಿಯುವಾಗ ಅಮ್ಮ, "ಅಣ್ಣ, ನಿನ್ನೆಯದೇ ನಂಬರು ಉಂಟಲ್ಲ?" ಎಂದರು. ನಿಜ, ನಾನೂರ ಹನ್ನೆರಡು! ಹೇಳಿಕೆಯ ಗಡಿಬಿಡಿಯಲ್ಲಿ ಆ ವಾರ ಹೊಗೆಸೊಪ್ಪು ಇಡಲು ಮರೆತಿತ್ತು. ಇಲಿ ಬಂದು ಇದ್ದ ವಯರುಗಳನ್ನೆಲ್ಲ ಬಿಟ್ಟು ಮೀಟರಿನ ಕೇಬಲನ್ನೇ ಕಡಿದಿತ್ತು!

"ಧಣಿ, ಇದು ದೇವರ ಉಪಕಾರ!" ಎಂದರು ಮೇಸ್ತ್ರಿ. ಆ ಕಂಪೆನಿ ಆ ಕಾರು ಮಾಡುವುದನ್ನು ಎಂದೋ ನಿಲ್ಲಿಸಿದೆ. ಗುಜರಿಯಲ್ಲಿ ಹುಡುಕಿ ಕೇಬಲು ತರಲು ತಿಂಗಳಾದರೂ ಬೇಕು. ಅಷ್ಟರಲ್ಲಿ ಹೇಳಿಕೆ, ಮದುವೆ ಎರಡೂ ಮುಗಿಯುತ್ತವೆ. ನಾವೆಲ್ಲ ಮಾವನಿಗೆ ಶುಭಾಶಯ ಹೇಳಿದೆವು. ಮಾವ "ಹ್ಞೂಂ" ಎಂದರು, ಅಷ್ಟೆ.

ಆಮೇಲೆ ಅವರು ಓಡಿದ್ದೇ ಓಡಿದ್ದು. ಈಶ್ವರಮಂಗಲದಲ್ಲಿ ಒಂದು ಮನೆಗೆ ಬೀಗ. ಮರುದಿನ ಮತ್ತೆ ಹೋದರು, ಮತ್ತೆ ಬೀಗ. ಮೂರನೇ ಸಲ ಸಿಕ್ಕಿದರು. ಅವರ ತಮ್ಮನ ಮನೆ ನೀರು ಹರಿಯುವ ತೋಡಿನಾಚೆ, ಕೂಗಿದರೆ ಕೇಳುವಷ್ಟು ಹತ್ತಿರ. ರಸ್ತೆಯಲ್ಲಿ ಸುತ್ತಿ ಹೋದರೆ ಹನ್ನೊಂದು ಕಿಲೋಮೀಟರು. "ಇಲ್ಲಿಂದಲೇ ಕೂಗಿ ಹೇಳುವ" ಎಂದರು ಅಮ್ಮ. "ಕೂಗಿ ಕರೆಯಲಿಕ್ಕೆ ಅದೇನು ದನವಾ?" ಎಂದು ಮಾವ ಸುತ್ತಿಯೇ ಹೋದರು. ಮೀಟರು ಸತ್ತಿದೆ, ಹಾಗಾಗಿ ಧೈರ್ಯ ಬಂದಿದೆ ಎಂದು ನಾವು ಹಿಂದಿನಿಂದ ನಕ್ಕೆವು.

ಮದುವೆ ಚೆನ್ನಾಗಿ ಆಯಿತು. ಒಂದು ತಿಂಗಳು ಕಳೆದು ನಾನೂ ನನ್ನ ಗಂಡನೂ ಮಾವನ ಮನೆಗೆ ಹೊರಟಿದ್ದೆವು. ಅತ್ತೆ ಫೋನು ಮಾಡಿ, "ಇಲ್ಲಿಗೆ ಬಂದು ಎಂತ ಮಾಡ್ತೀರಿ? ಇವರು ಬೆಳಿಗ್ಗೆಯಿಂದ ಪುತ್ತೂರಿನ ಗ್ಯಾರೇಜಿನಲ್ಲಿ. ಹುಚ್ಚು ಹಿಡಿದಿದೆ, ಹೋಗಿ ನೋಡಿ" ಎಂದರು.

ಹೋಗಿ ನೋಡಿದರೆ ಗ್ಯಾರೇಜಿನಲ್ಲಿ ಜನವೋ ಜನ. ಹೊಸ ಕೇಬಲಿನ ಒಂದು ತುದಿ ಮೀಟರಿಗೆ, ಇನ್ನೊಂದು ತುದಿ ಡ್ರಿಲ್ಲಿಂಗ್ ಮೆಷಿನಿಗೆ. ಮೆಷಿನು ಕಿರ್ರೆಂದು ತಿರುಗುತ್ತಿದೆ, ಕಾರು ನಿಂತಲ್ಲೇ ಉಂಟು, ಮೀಟರಿನಲ್ಲಿ ನಂಬರು ಏರುತ್ತಿದೆ! ಮೇಸ್ತ್ರಿ ನನ್ನನ್ನು ಕಂಡದ್ದೇ ಅಳುವ ಹಾಗೆ ಹೇಳಿದರು, "ಅಕ್ಕಾ, ಮೂವತ್ತು ವರ್ಷದಲ್ಲಿ ಮೀಟರು ಹಿಂದೆ ತಿರುಗಿಸಿ ಅಂತ ಬಂದವರು ಎಷ್ಟೋ ಜನ. ಮುಂದೆ ತಿರುಗಿಸಿ ಅಂತ ಬಂದವರು ಇವರೊಬ್ಬರೇ!"

ಮಾವ ಸೀಟಿನಲ್ಲಿ ಕೂತು, ಮೀಟರು ಸತ್ತ ಮೇಲೆ ಓಡಿದ ದೂರವನ್ನೆಲ್ಲ ಬರೆದಿಟ್ಟ ಚೀಟಿ ಹಿಡಿದು, ಮೀಟರು ನೋಡುತ್ತಾ ಒಂದೊಂದೇ ಮನೆ ಹೇಳುತ್ತಿದ್ದರು. "ಇದು ಸುಳ್ಯದ ದೊಡ್ಡಮ್ಮನಲ್ಲಿಗೆ... ಇದು ಈಶ್ವರಮಂಗಲ, ಬೀಗ... ಇದು ಮತ್ತೆ ಬೀಗ... ಇದು ತೋಡಿನಾಚೆ." ಎರಡು ಸಲ ಕರೆಂಟು ಹೋಯಿತು, ಒಮ್ಮೆ ಮೆಷಿನು ಬಿಸಿಯಾಗಿ ನಿಲ್ಲಿಸಬೇಕಾಯಿತು. ಮಧ್ಯಾಹ್ನ ಮೂರರ ಹೊತ್ತಿಗೆ ಮೇಸ್ತ್ರಿ ಕುಣಿದೇ ಬಿಟ್ಟರು.

"ಹತ್ತೊಂಬತ್ತು ಸಾವಿರದ ಒಂಬೈನೂರ ಎಂಬತ್ತೆರಡು! ಧಣಿ, ಎಲ್ಲ ಮನೆ ಮುಗಿಯಿತು, ಇಪ್ಪತ್ತು ದಾಟಲಿಲ್ಲ!"

ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ನನಗೂ ಉಸಿರು ಬಂದ ಹಾಗಾಯಿತು. ಸತ್ಯವೂ ಉಳಿಯಿತು, ಹತ್ತೊಂಬತ್ತೂ ಉಳಿಯಿತು! ಇದಕ್ಕಿಂತ ಹೆಚ್ಚು ಇನ್ನೇನು ಬೇಕು?

ಮಾವ ಮಾತ್ರ ಏಳಲಿಲ್ಲ.

"ತಿರುಗಿಸಿ ಮೇಸ್ತ್ರಿಗಳೇ. ಇನ್ನೊಂದು ಮನೆ ಉಂಟು. ನರಿಮೊಗರು. ಹೋಗಿ ಬಂದು ನಲವತ್ತು."

"ನರಿಮೊಗರಾ? ಅದು ನಮ್ಮದೇ ಮನೆಯಲ್ಲವಾ ಮಾವ? ನಮಗೆ ಎಂಥ ಹೇಳಿಕೆ?" ಎಂದು ನಾನು ನಕ್ಕೆ.

ಮಾವ ನನ್ನ ಕಡೆ ನೋಡಲಿಲ್ಲ. ಪಂಚೆಯ ತುದಿಯಿಂದ ಮೀಟರಿನ ಗಾಜು ಒರೆಸುತ್ತಾ ಹೇಳಿದರು.

"ಹೇಳಿಕೆಯ ಕೊನೆಯ ದಿನ ಹೋಗಿದ್ದೆ. ನೀನು ಇರಲಿಲ್ಲ. ನಿನ್ನ ಅಪ್ಪನ ಫೋಟೋದ ಎದುರು ಒಂದು ಕಾಗದ ಇಟ್ಟು ಬಂದೆ. ಅವರಿಗೆ ಹೇಳದೆ ಬೇರೆಯವರಿಗೆ ಹೇಳುದು ಸರಿಯಲ್ಲ ಅಂತ ಮೊದಲೇ ಹೊಳೆಯಬೇಕಿತ್ತು ನನಗೆ."

ಮೇಸ್ತ್ರಿ ಮೆಷಿನು ಎತ್ತಿಕೊಂಡರು. ನನ್ನ ಕಣ್ಣು ಮಂಜಾಗಿ, ಒಂಬತ್ತುಗಳೆಲ್ಲ ಒಟ್ಟಿಗೆ ಮಗುಚಿದ್ದು ನನಗೆ ಸರಿಯಾಗಿ ಕಾಣಲೇ ಇಲ್ಲ.

ಈಗಲೂ ಆಲಂಕಾರಿನ ಆ ಮನೆಗೆ ಹೋದರೆ ಮೊದಲು ಬೆಲ್ಲ ನೀರು, ಆಮೇಲೆ ಮೀಟರು. ಬಟ್ಟೆ ಸರಿಸುವ ಗತ್ತು ಮೊದಲಿಗಿಂತ ಒಂದು ತೂಕ ಹೆಚ್ಚೇ.

"ನೋಡಿ, ಇಪ್ಪತ್ತು ಸಾವಿರ ದಾಟಿದೆ!"